ಎರಡನೆಯ ಸ್ಪರ್ಶ



ಸಂತ ಮಾರ್ಕನು ಬರೆದ ಶುಭಸಂದೇಶದ 8ನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ಘಟನೆ ಇದೆ. ಮತ್ತಾಯ, ಲೂಕ, ಯೊವಾನ್ನ ಈ ಮೂವರೂ ಅದನ್ನು ಬರೆದಿಲ್ಲ. ಬೆತ್ಸಾಯಿದ ಎಂಬ ಊರಿನಲ್ಲಿ ಕೆಲವರು ಒಬ್ಬ ಕುರುಡನನ್ನು ಯೇಸುಸ್ವಾಮಿಯ ಬಳಿಗೆ ಕರೆತಂದು, ಇವನನ್ನು ಮುಟ್ಟಬೇಕು ಎಂದು ಬೇಡಿಕೊಳ್ಳುತ್ತಾರೆ. ಪ್ರಭು ಅವನ ಕೈಹಿಡಿದು ಊರ ಹೊರಗೆ ನಡೆಸಿಕೊಂಡು ಹೋಗುತ್ತಾರೆ. ಅವನ ಕಣ್ಣಿಗೆ ಉಗುಳು ಹಚ್ಚಿ, ಅವನ ಮೇಲೆ ಕೈಗಳನ್ನಿರಿಸಿ, ಏನಾದರೂ ಕಾಣಿಸುತ್ತದೆಯೇ ಎಂದು ವಿಚಾರಿಸುತ್ತಾರೆ.

ಆ ಮನುಷ್ಯನ ಉತ್ತರವನ್ನು ಗಮನಿಸಿ. ಜನರೇನೋ ಕಾಣುತ್ತಾರೆ, ಆದರೆ ಓಡಾಡುವ ಮರಗಳ ಹಾಗೆ ಕಾಣುತ್ತಾರೆ ಎಂದು ಅವನು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಸಾಕ್ಷಾತ್ ದೇವಪುತ್ರರೇ ಮುಟ್ಟಿದ್ದಾರೆ. ಇನ್ನೂ ಸರಿಯಾಗಿ ಕಾಣುತ್ತಿಲ್ಲ ಎಂದರೆ ಅವರಿಗೆ ಅವಮಾನವಾದೀತು, ನಿನಗೆ ವಿಶ್ವಾಸ ಸಾಲದು ಎಂದು ಜನ ಹೀಯಾಳಿಸಿಯಾರು ಎಂದು ಅವನು ಅಂಜಲಿಲ್ಲ. ಎಲ್ಲ ಸರಿಯಾಯಿತು ಪ್ರಭು ಎಂದು ಹೇಳಿ, ಅರ್ಧ ದೃಷ್ಟಿಯಲ್ಲೇ ಕೈಮುಗಿದು ಹೊರಟಿದ್ದರೆ ಜೀವಮಾನವೆಲ್ಲ ಹೆಂಡತಿ ಮಕ್ಕಳನ್ನೂ ಮರಗಳಂತೆಯೇ ನೋಡುತ್ತಾ ಕಳೆಯಬೇಕಾಗುತ್ತಿತ್ತು. ಪ್ರಭುವಿಗೂ ಅವನ ಮಾತಿನಿಂದ ಬೇಸರವಾಗಲಿಲ್ಲ. ಅವನ ಕಣ್ಣುಗಳ ಮೇಲೆ ಮತ್ತೊಮ್ಮೆ ಕೈಯಿಟ್ಟರು. ಆಗ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಾಣಿಸಿತು.

ಈ ಭಾಗವನ್ನು ಇಂದು ಎತ್ತಿಕೊಂಡಿರುವುದು ಮನಸ್ಸಿನ ಕಾಯಿಲೆಯ ವಿಷಯ ಮಾತನಾಡಲಿಕ್ಕೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ನಮ್ಮ ಕಥೋಲಿಕ ಕುಟುಂಬಗಳು ಹೆಚ್ಚಿಲ್ಲ. ಇದ್ದ ಕೆಲವೇ ಮನೆಗಳಲ್ಲಿ ಒಂದರ ವಿಷಯ ಇನ್ನೊಂದಕ್ಕೆ ಸಂಜೆಯೊಳಗೆ ಮುಟ್ಟುತ್ತದೆ. ಸಕ್ಕರೆ ಕಾಯಿಲೆ ಬಂದರೆ ಪೂಜೆ ಮುಗಿದ ಮೇಲೆ ಗುಡಿಯ ಅಂಗಳದಲ್ಲೇ ನಾಲ್ಕು ಜನರಿಗೆ ಹೇಳುತ್ತೇವೆ. ಮಗನಿಗೆ ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳಿಸುತ್ತದೆ, ಸೊಸೆ ಮೂರು ತಿಂಗಳಿನಿಂದ ಎದ್ದು ಸ್ನಾನ ಮಾಡಲೂ ಒಲ್ಲೆನ್ನುತ್ತಾಳೆ ಎಂಬುದನ್ನು ಮಾತ್ರ ಬಾಗಿಲು ಮುಚ್ಚಿ ಬಚ್ಚಿಡುತ್ತೇವೆ. ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಯಾವುದೋ ಒಂದು ಮಾನಸಿಕ ತೊಂದರೆ ಇದ್ದದ್ದು ಕಂಡುಬಂತು. ಅಂದರೆ ಹತ್ತರಲ್ಲಿ ಒಬ್ಬರು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಲೆಕ್ಕದಿಂದ ನಮ್ಮ ಮನೆಗಳು ಹೊರತಾಗಿರಲು ಕಾರಣವಿಲ್ಲ.

ಆದರೆ ಚಿಕಿತ್ಸೆಗೆ ಹೋಗದವರ ಬಗ್ಗೆ ಮಾತ್ರ ಇಂದು ಹೇಳಬೇಕಾದದ್ದಲ್ಲ. ಹೋಗಿ, ಅರ್ಧ ದಾರಿಯಲ್ಲಿ ನಿಂತವರ ಬಗ್ಗೆ ಹೇಳಬೇಕಾಗಿದೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಕೃಷ್ಣೆಯ ದಂಡೆಯ ಹಳ್ಳಿ, ಎರಡೆಕರೆ ಕಬ್ಬು. ಮನೆಯ ಸೊಸೆಗೆ ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ‘ಎದಿ ಡವಡವ ಅಂತೈತಿ, ಮೈಯಾಗ ಶಕ್ತಿನ ಇಲ್ಲ’ ಎನ್ನುತ್ತಾಳೆ. ಊರ ಡಾಕ್ಟರು ಒಂದು ಬಾಟಲಿ ಸಲಾಯಿನ್ ಹಚ್ಚುತ್ತಾರೆ. ಎರಡು ದಿನ ಪರವಾಗಿಲ್ಲ ಅನಿಸುತ್ತದೆ. ಮತ್ತೆ ಅದೇ. ಹೃದಯದ ತೊಂದರೆ ಇರಬಹುದೆಂದು ಮಿರಜಕ್ಕೆ ಕರೆದೊಯ್ಯುತ್ತಾರೆ. ವಾನ್ಲೆಸ್ ಎಂಬ ಮಿಷನರಿ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಅಥಣಿ, ಕಾಗವಾಡ, ರಾಯಬಾಗದವರಿಗೆ ದೊಡ್ಡ ದವಾಖಾನೆ ಎಂದರೆ ಮಿರಜವೇ. ಅಲ್ಲಿ ಇಸಿಜಿ ತೆಗೆದು, ರಕ್ತ ನೋಡಿ, ಏನೂ ಇಲ್ಲ ಎಂದು ಕಳುಹಿಸುತ್ತಾರೆ. ಆ ‘ಏನೂ ಇಲ್ಲ’ ಎಂಬ ಎರಡು ಮಾತುಗಳು ಆ ಹೆಣ್ಣುಮಗಳ ಬಾಳನ್ನು ಎಷ್ಟು ಕಷ್ಟಕ್ಕೆ ದೂಡುತ್ತವೆ ಎಂಬುದು ಹೇಳಿದವರಿಗೆ ತಿಳಿಯದು. ಹೃದಯದಲ್ಲಿ ಏನೂ ಇಲ್ಲ ಎಂಬುದು ವೈದ್ಯರ ಮಾತಿನ ಅರ್ಥ. ಅವಳಿಗೆ ಏನೂ ಆಗಿಲ್ಲ, ಕೆಲಸಗಳ್ಳತನ, ನಾಟಕ ಎಂಬುದು ಮನೆಯವರು ಹಚ್ಚಿಕೊಂಡ ಅರ್ಥ. ಮುಂದಿನದು ನಿಮಗೆ ಗೊತ್ತಿದೆ: ತಾಯತ, ಯಾರೋ ಮಾಡಿಸಿದ್ದಾರೆ ಎಂಬ ಗುಮಾನಿ, ತವರುಮನೆಯವರ ಜೊತೆ ಜಗಳ. ನಮ್ಮವರಾದರೆ ಒಂದು ಧ್ಯಾನಕೂಟ, ಆಮೇಲೆ ಇನ್ನೊಂದು. ಕೊನೆಗೊಮ್ಮೆ ಯಾರೋ ಹೇಳಿ ಮನೋವೈದ್ಯರ ಬಳಿ ಹೋದರೆ, ಹತ್ತು ದಿನ ಗುಳಿಗೆ ನುಂಗಿ, ಬಾಯಿ ಒಣಗುತ್ತದೆ, ಗುಣವೂ ಕಾಣುತ್ತಿಲ್ಲ ಎಂದು ಬಿಡುತ್ತಾರೆ. ಮತ್ತೆ ಇನ್ನೊಬ್ಬ ಡಾಕ್ಟರು, ಇನ್ನೊಂದು ಊರು. ಮೂರು ವರ್ಷದ ಕೊನೆಗೆ ಒಂದು ಚೀಲ ತುಂಬ ಕಾಗದ, ಒಂದಿಷ್ಟು ಸಾಲ, ಮತ್ತು ಇದು ಗುಣವಾಗುವ ಕಾಯಿಲೆಯಲ್ಲ ಎಂಬ ನಿರಾಶೆ.

ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸನ್ನು ಶುಭಸಂದೇಶದಲ್ಲಿ ಓದಿದ್ದೇವೆ. ಅನೇಕ ವೈದ್ಯರ ಕೈಯಲ್ಲಿ ಪಾಡುಪಟ್ಟು, ಇದ್ದುದನ್ನೆಲ್ಲ ಖರ್ಚು ಮಾಡಿ, ಕಾಯಿಲೆ ಇನ್ನೂ ಹೆಚ್ಚಾಯಿತು ಎಂದು ಮಾರ್ಕನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. (ಅದೇ ಘಟನೆಯನ್ನು ಬರೆಯುವಾಗ ಲೂಕನು ಈ ಕಟುಮಾತನ್ನು ಬಹಳ ತಗ್ಗಿಸಿದ್ದಾನೆ, ಅವನು ವೈದ್ಯನೆಂಬ ಪರಂಪರೆಯ ಮಾತು ನೆನಪಾಗಿ ನಗು ಬರುತ್ತದೆ.) ಯೇಸುಸ್ವಾಮಿ ಅವಳನ್ನು ಗದರಲಿಲ್ಲ, ಇಷ್ಟು ದಿನ ವೈದ್ಯರ ಬಳಿ ಏಕೆ ಅಲೆದೆ ಎಂದು ಕೇಳಲಿಲ್ಲ. ಮಗಳೇ ಎಂದು ಕರೆದರು. ಅಲೆದು ಸುಸ್ತಾದವರು ಮೊದಲು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಲೆದದ್ದು ನಿಮ್ಮ ಪಾಪವಲ್ಲ.

ಹಾಗಾದರೆ ಒಂದೇ ಸಲಕ್ಕೆ ಕಾಯಿಲೆ ಏಕೆ ಗೊತ್ತಾಗುವುದಿಲ್ಲ? ಮುರಿದ ಮೂಳೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಖಿನ್ನತೆಯನ್ನು, ಸ್ಕಿಜೋಫ್ರೇನಿಯಾವನ್ನು ತೋರಿಸುವ ಎಕ್ಸ್‌ರೇ ಇಂದಿಗೂ ಇಲ್ಲ. ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಮನೋವೈದ್ಯರಿಗೆ ನಿಜವಾದ ಪರೀಕ್ಷೆ ಎಂದರೆ ರೋಗಿ ಹೇಳುವ ಮಾತು, ಮನೆಯವರು ಹೇಳುವ ಮಾತು. ಮಾತು ಅರ್ಧವಾದರೆ ರೋಗನಿರ್ಣಯವೂ ಅರ್ಧ.

ನಮ್ಮ ಗಡಿ ತಾಲೂಕುಗಳಲ್ಲಿ ಈ ಮಾತಿನ ತೊಡಕು ಇನ್ನೂ ದೊಡ್ಡದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಡಾಕ್ಟರು ಬರೆಯುವುದು ಇಂಗ್ಲಿಷು. ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಕಾಗವಾಡದವರು ಮಿರಜ, ಸಾಂಗಲಿಗೆ ಹೋಗುತ್ತಾರೆ. ತಂಬಾಕಿನ ದರ ಮಾತಾಡುವಷ್ಟು ಮರಾಠಿ ಎಲ್ಲರಿಗೂ ಬರುತ್ತದೆ. ಆದರೆ ‘ಜೀವ ಬ್ಯಾಸತ್ತೈತಿ’ ಎಂಬುದನ್ನು ಕಲಿತ ಭಾಷೆಯಲ್ಲಿ ಹೇಳುವುದು ಹೇಗೆ? ಬ್ಯಾಸರ ಎಂದರೆ ಬೇಜಾರು ಎಂದುಕೊಂಡು ವೈದ್ಯರು ಮುಂದೆ ಹೋಗಿಬಿಡಬಹುದು. ಹೇಳಿದವಳು ಸಾವಿನ ಯೋಚನೆಯನ್ನು ಹೇಳಿರುತ್ತಾಳೆ. ಆದ್ದರಿಂದ ಎದೆಯ ಮಾತನ್ನು ಯಾವ ಭಾಷೆಯಲ್ಲಿ ಆಡುತ್ತೀರೋ ಆ ಭಾಷೆ ತಿಳಿದ ವೈದ್ಯರನ್ನು ಹುಡುಕಿ. ಸಿಗದಿದ್ದರೆ ಎರಡೂ ಭಾಷೆ ಚೆನ್ನಾಗಿ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಆದರೆ ಹತ್ತು ನಿಮಿಷವಾದರೂ ರೋಗಿ ಒಬ್ಬರೇ ವೈದ್ಯರೊಡನೆ ಮಾತಾಡಲು ಬಿಡಿ. ಅತ್ತೆ ಪಕ್ಕದಲ್ಲಿ ಕುಳಿತಿರುವಾಗ ಸೊಸೆ, ಅಪ್ಪ ನಿಂತಿರುವಾಗ ಮಗ ಎಷ್ಟು ಮಾತಾಡಿಯಾರು?

ಇನ್ನು ಮನೆಯವರು ಹೇಳದೆ ಬಿಡುವ ಸಂಗತಿಗಳು. ಒಂದು ಉದಾಹರಣೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ವರ್ಷಗಟ್ಟಲೆ ತಪ್ಪು ಚಿಕಿತ್ಸೆಗೆ ದಾರಿಯಾಗುವುದು ಹೆಚ್ಚಾಗಿ ಇಲ್ಲಿಯೇ. ಬೈಪೋಲಾರ್ ಎಂಬ ಕಾಯಿಲೆ ಇದೆ. ಅದರಲ್ಲಿ ಕೆಲವು ವಾರ ಅಥವಾ ತಿಂಗಳು ಮನುಷ್ಯ ಪಾತಾಳಕ್ಕಿಳಿದಂತೆ ಇರುತ್ತಾನೆ. ಇನ್ನು ಕೆಲವು ದಿನ ಅದಕ್ಕೆ ತದ್ವಿರುದ್ಧ: ನಿದ್ದೆ ಎರಡು ತಾಸು ಸಾಕು, ಮಾತಿಗೆ ತಡೆಯಿಲ್ಲ, ಸಾಲ ಮಾಡಿ ಟ್ರ್ಯಾಕ್ಟರ್ ಕೊಳ್ಳುತ್ತಾನೆ, ಯಾರು ಕೇಳಿದರೂ ಹಣ ಕೊಡುತ್ತಾನೆ, ರಾತ್ರಿಯೆಲ್ಲ ಗಟ್ಟಿಯಾಗಿ ಪ್ರಾರ್ಥಿಸುತ್ತಾನೆ, ದೇವರು ನನಗೆ ವಿಶೇಷ ಕೆಲಸ ಕೊಟ್ಟಿದ್ದಾರೆ ಎನ್ನುತ್ತಾನೆ. ಮಲಗಿದ್ದ ಮಗ ಎದ್ದನಲ್ಲಾ ಎಂದು ಮನೆಯವರು ಸಂತೋಷಪಟ್ಟಿರುತ್ತಾರೆ. ವೈದ್ಯರ ಬಳಿ ಹೋಗುವುದು ಮತ್ತೆ ಮಲಗಿದಾಗಲೇ. ಮಲಗಿದ್ದನ್ನು ಮಾತ್ರ ಹೇಳಿದರೆ ವೈದ್ಯರಿಗೆ ಕಾಣುವುದು ಬರೀ ಖಿನ್ನತೆ. ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಇಂಥವರಲ್ಲಿ ಕೆಲವರಿಗೆ ಉನ್ಮಾದ ಕೆರಳುತ್ತದೆ. ಆಗ ಗುಳಿಗೆಯಿಂದಲೇ ಹುಚ್ಚು ಹಿಡಿಯಿತು ಎಂದು ಊರು ಆಡುತ್ತದೆ. ಈ ಕಾಯಿಲೆಗೆ ಬೇಕಾದ ಔಷಧವೇ ಬೇರೆ. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು 1949ರಲ್ಲಿ ಲಿಥಿಯಂ ಎಂಬ ಲವಣದ ಉಪಯೋಗವನ್ನು ಪ್ರಕಟಿಸಿದರು. ಇಂದಿಗೂ ಅದು ಬೈಪೋಲಾರ್ ಕಾಯಿಲೆಯ ಮುಖ್ಯ ಔಷಧಗಳಲ್ಲೊಂದು. ಅದನ್ನು ನುಂಗುವವರು ಆಗಾಗ ರಕ್ತದಲ್ಲಿ ಅದರ ಪ್ರಮಾಣವನ್ನು, ಥೈರಾಯಿಡ್ ಮತ್ತು ಮೂತ್ರಪಿಂಡಗಳನ್ನು ಪರೀಕ್ಷಿಸಿಕೊಳ್ಳಬೇಕು. ಅಥಣಿಯ ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿ ಮೈಯ ನೀರು ಬತ್ತಿದರೆ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗಿದರೆ, ವಾಂತಿ ಭೇದಿಯಾದರೆ, ನಡಿಗೆ ತೂರಾಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಥೈರಾಯಿಡ್ ಕಡಿಮೆಯಾದರೂ ಮನುಷ್ಯ ಖಿನ್ನನಾಗುತ್ತಾನೆ. ಬಿ-12 ಜೀವಸತ್ವ ಕೊರತೆಯಾದರೂ ಮರೆವು, ಗೊಂದಲ ಬರಬಹುದು. ಮೂರ್ಛೆರೋಗದ ಕೆಲವು ಬಗೆಗಳಲ್ಲಿ ಫಿಟ್ಸ್ ಬಂದಂತೆ ಕಾಣುವುದೇ ಇಲ್ಲ. ಸ್ವಲ್ಪ ಹೊತ್ತು ವಿಚಿತ್ರವಾಗಿ ವರ್ತಿಸಿ ಆಮೇಲೆ ನೆನಪಿಲ್ಲ ಎನ್ನುತ್ತಾರೆ, ನಾವು ಮೈಮೇಲೆ ಬಂದಿತ್ತು ಎನ್ನುತ್ತೇವೆ. ಹೆರಿಗೆಯಾದ ಮೊದಲ ವಾರಗಳಲ್ಲಿ ಬಾಣಂತಿ ಮಾತು ತಪ್ಪಿದರೆ, ಮಗುವನ್ನು ನೋಡಿ ಹೆದರಿದರೆ ಅದು ಬಾಣಂತಿ ಸನ್ನಿ. ಅಂದೇ ಆಸ್ಪತ್ರೆಗೆ ಹೋಗಬೇಕಾದ ತುರ್ತು, ತಾಯಿ ಮಗು ಇಬ್ಬರ ಜೀವದ ಪ್ರಶ್ನೆ. ಕುಡಿತವನ್ನು ಮುಚ್ಚಿಡಬೇಡಿ. ಬೀಡಿ ಸೇದುವುದನ್ನೂ ಹೇಳಿ. ಓಲಾಂಜಪಿನ್, ಕ್ಲೋಜಪಿನ್ ಎಂಬ ಔಷಧಗಳು ಸೇದುವವರ ರಕ್ತದಲ್ಲಿ ಕಡಿಮೆ ಪ್ರಮಾಣಕ್ಕೆ ಇಳಿಯುತ್ತವೆ. ಸೇದುವುದನ್ನು ಬಿಟ್ಟರೆ ಏರುತ್ತವೆ. ನಿಪ್ಪಾಣಿಯ ಸುತ್ತ ಇದು ಸಣ್ಣ ವಿಷಯವಲ್ಲ.

ಆದ್ದರಿಂದ ಒಂದು ನಲವತ್ತು ಪುಟದ ನೋಟುಬುಕ್ಕು ಇಡಿ. ತೊಂದರೆ ಮೊದಲು ಯಾವಾಗ ಶುರುವಾಯಿತು, ನಿದ್ದೆ ಎಷ್ಟು ತಾಸು, ಯಾವ ಗುಳಿಗೆ ಎಷ್ಟು ದಿನ ನುಂಗಿದ್ದು, ಏನಾಯಿತು, ಏಕೆ ಬಿಟ್ಟದ್ದು, ಮನೆತನದಲ್ಲಿ ಇನ್ನಾರಿಗಾದರೂ ಇತ್ತೇ ಎಂದು ಬರೆದಿಡಿ. ಹಳೆಯ ಚೀಟಿಗಳನ್ನು ಹೊಸ ಡಾಕ್ಟರಿಂದ ಮುಚ್ಚಿಡಬೇಡಿ. ಹಿಂದಿನವರ ಹೆಸರು ಹೇಳಿದರೆ ಸಿಟ್ಟಾಗುತ್ತಾರೇನೋ ಎಂಬ ಸಂಕೋಚದಿಂದ ಎಷ್ಟೋ ಜನ ಹೊಸದಾಗಿ ಮೊದಲಿನಿಂದ ಶುರುಮಾಡಿಸುತ್ತಾರೆ, ಫಲ ಕೊಡದ ಔಷಧವನ್ನೇ ಮತ್ತೆ ಪಡೆಯುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಗೆ ತನ್ನ ಚಿಕಿತ್ಸೆಯ ಮೂಲ ದಾಖಲೆಗಳನ್ನು ಪಡೆಯುವ ಹಕ್ಕಿದೆ. ಕಾಯಿಲೆಯ ಹೆಸರೇನು ಎಂದು ಕೇಳಿ. ಈ ಗುಳಿಗೆ ಎಷ್ಟು ದಿನಕ್ಕೆ ಕೆಲಸ ಮಾಡುತ್ತದೆ, ಮಾಡದಿದ್ದರೆ ಮುಂದೇನು ಎಂದೂ ಕೇಳಿ. ಇದು ಉದ್ಧಟತನವಲ್ಲ. ಬೆತ್ಸಾಯಿದದ ಕುರುಡನೂ ಕಂಡಷ್ಟನ್ನೇ ಹೇಳಿದ್ದ.

ಖಿನ್ನತೆಯ ಔಷಧ ಫಲ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಮೊದಲ ದಿನಗಳಲ್ಲೇ ಬರುತ್ತವೆ. ಅಂದರೆ ಕಷ್ಟ ಮೊದಲು, ಸುಖ ಆಮೇಲೆ. ಹತ್ತನೆಯ ದಿನಕ್ಕೆ ಬಿಟ್ಟವರು ಕಷ್ಟವನ್ನು ಮಾತ್ರ ಅನುಭವಿಸಿ ಬಂದವರು. ತಡೆಯಲಾಗದಿದ್ದರೆ ಬಿಡುವ ಮುಂಚೆ ವೈದ್ಯರಿಗೆ ತಿಳಿಸಿ. ಪ್ರಮಾಣ ಇಳಿಸಬಹುದು, ಔಷಧ ಬದಲಿಸಬಹುದು. ಇನ್ನೊಂದು ಕಡೆ, ಗುಣ ಕಂಡ ಕೂಡಲೇ ಬಿಡುವವರು. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಬೈಪೋಲಾರ್, ಸ್ಕಿಜೋಫ್ರೇನಿಯಾಗಳಿಗೆ ವರ್ಷಗಳೇ ಬೇಕಾಗುತ್ತವೆ. ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗುವುದಿಲ್ಲವೇ? ಆದರೆ ಔಷಧದ ಅಂಗಡಿಯವರೇ ಕೊಟ್ಟ ನಿದ್ದೆ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವುದನ್ನು ಚಿಕಿತ್ಸೆ ಎನ್ನಬೇಡಿ. ಅದು ಚಟವಾಗುತ್ತದೆ, ಒಳಗಿನ ಕಾಯಿಲೆ ಹಾಗೆಯೇ ಉಳಿಯುತ್ತದೆ. ನುಂಗುತ್ತಿದ್ದರೆ ತಟ್ಟನೆ ನಿಲ್ಲಿಸಲೂ ಬಾರದು. ವೈದ್ಯರ ಸಲಹೆಯಂತೆ ಮೆಲ್ಲಗೆ ಇಳಿಸಬೇಕು.

ಈಗ ನಮ್ಮ ವಿಶ್ವಾಸದ ಮಾತು. ಕೆಲವರಿಗೆ ನೋವಾದರೂ ಹೇಳಲೇಬೇಕು. ಧ್ಯಾನಕೂಟದಲ್ಲಿ ಗುಣವಾಯಿತು ಎಂದು ವೇದಿಕೆಯ ಮೇಲೆ ಸಾಕ್ಷಿ ಹೇಳಿ ಗುಳಿಗೆ ಬಿಸಾಡುವುದು ವಿಶ್ವಾಸವಲ್ಲ. ಬಿಸಾಡು ಎಂದು ಇನ್ನೊಬ್ಬರಿಗೆ ಹೇಳುವುದಂತೂ ಯಾರಿಗೂ ದೇವರು ಕೊಟ್ಟ ಅಧಿಕಾರವಲ್ಲ. ಗುಣವಾಗಲೆಂದು ಮಾಡುವ ಪ್ರಾರ್ಥನೆಗಳ ಕುರಿತು ರೋಮಿನ ವಿಶ್ವಾಸ ಸಿದ್ಧಾಂತದ ಪೀಠವು 2000ದ ಸೆಪ್ಟೆಂಬರ್ 14ರಂದು ಹೊರಡಿಸಿದ ಸೂಚನಾಪತ್ರವು, ಪ್ರಾರ್ಥನೆಯು ಸಹಜವಾದ ಚಿಕಿತ್ಸೆಯನ್ನು ಬೇಡವೆನ್ನುವುದಿಲ್ಲ, ಬದಲಿಗೆ ಪ್ರೋತ್ಸಾಹಿಸುತ್ತದೆ ಎಂದೇ ತಿಳಿಸಿದೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ತೆಗೆದು ಓದಿ. ಕಾಯಿಲೆ ಬಿದ್ದಾಗ ಪ್ರಾರ್ಥಿಸು ಎಂದೂ, ವೈದ್ಯನಿಗೆ ಸ್ಥಳ ಕೊಡು ಎಂದೂ ಅಲ್ಲಿ ಒಂದೇ ಉಸಿರಿನಲ್ಲಿ ಹೇಳಿದೆ. ನೆಲದಿಂದ ಔಷಧವನ್ನು ಹುಟ್ಟಿಸಿದವರೂ ದೇವರೇ ಎಂದಿದೆ.

ದೆವ್ವ ಹಿಡಿದಿದೆ ಎಂಬ ಮಾತೂ ಹಾಗೆಯೇ. 1992ರಲ್ಲಿ ಘೋಷಿತವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1673ನೆಯ ಪರಿಚ್ಛೇದವು, ಕಾಯಿಲೆ ಬೇರೆ, ಮುಖ್ಯವಾಗಿ ಮಾನಸಿಕ ಕಾಯಿಲೆ ಬೇರೆ, ಅದನ್ನು ನೋಡಿಕೊಳ್ಳುವುದು ವೈದ್ಯಶಾಸ್ತ್ರದ ಕೆಲಸ ಎಂದು ಸ್ಪಷ್ಟಪಡಿಸಿದೆ. ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ದೆವ್ವ ಬಿಡಿಸುವ ವಿಧಿಯನ್ನು ನಡೆಸುವಂತಿಲ್ಲ ಎಂಬುದು ಧರ್ಮಸಭೆಯ 1172ನೆಯ ಕಾನೂನು. ಗುರುಗಳಿಗೇ ಇಷ್ಟು ಕಟ್ಟುಪಾಡು ಇರುವಾಗ, ಕೂದಲು ಹಿಡಿದೆಳೆದು ಕೂಗಾಡುವವರ ಕೈಗೆ ಮನೆಮಗಳನ್ನು ಹೇಗೆ ಒಪ್ಪಿಸುತ್ತೀರಿ? ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಿಗಿದಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಜನ. ಹರಕೆ, ಪ್ರಾರ್ಥನೆಗಳಿಂದ ಗುಣವಾಗಲೆಂದು ಮನೆಯವರು ಆ ಊರಿನಲ್ಲಿ ಬಿಟ್ಟುಹೋಗಿದ್ದವರು ಅವರು. ಮನೋರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟಬಾರದೆಂದು 2017ರ ಕಾಯ್ದೆ ನಿಷೇಧಿಸಿದೆ.

ಮನಸ್ಸಿನ ಕಾಯಿಲೆ ವಿಶ್ವಾಸವಿಲ್ಲದ ಮನೆಗೆ ಬರುವಂಥದು ಎನ್ನುವವರಿಗೆ ಸಂತ ಲೂಯಿ ಮಾರ್ಟಿನ್ ಅವರ ಹೆಸರು ಹೇಳಬೇಕು. ಬಾಲಯೇಸುವಿನ ಸಂತ ತೆರೇಸರ ತಂದೆ ಅವರು. ಹೆಂಡತಿಯನ್ನು 1877ರಲ್ಲಿ ಕಳೆದುಕೊಂಡು ಐವರು ಹೆಣ್ಣುಮಕ್ಕಳನ್ನು ಸಾಕಿದವರು. 1889ರ ಫೆಬ್ರವರಿಯಲ್ಲಿ ಅವರನ್ನು ಫ್ರಾನ್ಸಿನ ಕಾನ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವರ್ಷ ಅಲ್ಲಿದ್ದರು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕನ್ಯಾಮಠ ಸೇರಿದ್ದರಿಂದಲೇ ತಂದೆಗೆ ಹೀಗಾಯಿತು ಎಂದು ಊರವರು ಆಡಿಕೊಂಡರು. ಜನರ ಬಾಯಿ ಎಲ್ಲ ಕಡೆಯೂ ಒಂದೇ, ನೋಡಿ. ಆ ಮನುಷ್ಯನನ್ನು ಪತ್ನಿ ಜೆಲಿಯವರೊಂದಿಗೆ 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ಸಂತರ ಸಾಲಿಗೆ ಸೇರಿಸಿದರು. ಆಸ್ಪತ್ರೆಗಳ ಪಾಲಕ ಸಂತರಾದ ದೇವರ ಸಂತ ಜಾನ್ ಅವರ ಕಥೆಯೂ ಇಂಥದೇ. ಸ್ಪೇನಿನ ಗ್ರಾನಡಾದಲ್ಲಿ 1539ರಲ್ಲಿ ಹುಚ್ಚನೆಂದು ಅವರನ್ನು ಆಸ್ಪತ್ರೆಯಲ್ಲಿ ಕೂಡಿಹಾಕಿ ಚಾಟಿಯಿಂದ ಹೊಡೆದರು. ಅಂದಿನ ಚಿಕಿತ್ಸೆಯೇ ಅದು. ಹೊರಬಂದ ಮೇಲೆ ರೋಗಿಗಳನ್ನು ಮನುಷ್ಯರಂತೆ ನೋಡಿಕೊಳ್ಳುವ ಆಸ್ಪತ್ರೆಯನ್ನು ಅವರೇ ತೆರೆದರು.

ಸಾಯುವ ಮಾತಾಡುವವರನ್ನು ಕುರಿತು. ‘ಸತ್ತರ ಛಲೋ’ ಎಂಬ ಮಾತನ್ನು ಸಿಟ್ಟಿನ ಮಾತೆಂದು ತಳ್ಳಿಹಾಕಬೇಡಿ. ಬಾಯಿಬಿಟ್ಟು ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಬ್ಬರನ್ನೇ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳನ್ನು ಇಂದೇ ಮನೆಯಿಂದ ಹೊರಗೆ ಬೀಗದಲ್ಲಿಡಿ. ನಮ್ಮ ಕಡೆ ಎಷ್ಟೋ ಜೀವಗಳು ಕೈಗೆ ಸಿಕ್ಕ ಆ ಡಬ್ಬಿಯಿಂದ ಹೋಗಿವೆ. ಪೊಲೀಸ್ ಕೇಸಾಗುತ್ತದೆಂಬ ಭಯದಿಂದ ಆಸ್ಪತ್ರೆಗೆ ಒಯ್ಯಲು ತಡಮಾಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸುತ್ತಿದ್ದ ಹಳೆಯ 309ನೆಯ ಕಲಮು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಈಗಾಗಲೇ ಹೀಗೆ ಯಾರನ್ನಾದರೂ ಕಳೆದುಕೊಂಡ ಮನೆಯವರು ಇದನ್ನು ಓದುತ್ತಿದ್ದರೆ: ತೀವ್ರ ಮಾನಸಿಕ ಬಾಧೆ ಮನುಷ್ಯನ ಹೊಣೆಯನ್ನು ತಗ್ಗಿಸುತ್ತದೆ ಎಂದು ಧರ್ಮಸಭೆ ಬೋಧಿಸುತ್ತದೆ. ಅಂಥವರಿಗೆ ಕ್ರೈಸ್ತ ಅಂತ್ಯಕ್ರಿಯೆ ನಿರಾಕರಿಸುತ್ತಿದ್ದ 1917ರ ಕಾನೂನು 1983ರ ಕಾನೂನು ಸಂಹಿತೆಯಲ್ಲಿ ಉಳಿದಿಲ್ಲ. ನಿಮ್ಮವರಿಗಾಗಿ ಪೂಜೆಯಲ್ಲಿ ಹೆಸರು ಹೇಳಿಸಲು ಹಿಂಜರಿಯಬೇಡಿ.

ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೀರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಮನಸ್ಸಿನ ಕಾಯಿಲೆಗೆ ಔಷಧ ಕೊಡಬಲ್ಲರು ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡು ಮಾಡಲಾಗಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಸರ್ಕಾರಿ ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯರಲ್ಲೋ ವಿಚಾರಿಸಿ. ರಾತ್ರಿ ಹೊತ್ತಿನಲ್ಲೂ ಮಾತಾಡಬೇಕೆನಿಸಿದರೆ 14416 ಸಂಖ್ಯೆಗೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸೇವೆ ಕನ್ನಡದಲ್ಲಿಯೂ ಇದೆ. ಬೆಳಗಾವಿಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಅಲ್ಲಿಯೂ ಹಾದಿ ಕಾಣದಿದ್ದರೆ ಧಾರವಾಡ.

ಧಾರವಾಡ ಎಂದ ಕೂಡಲೇ ಮುಖ ಸಪ್ಪಗಾಗುತ್ತದೆ. ‘ಇವನ್ನ ಧಾರವಾಡಕ್ಕ ಕಳಿಸಬೇಕು’ ಎಂಬುದು ನಮ್ಮ ಕಡೆಯ ಹಳೆಯ ಬೈಗುಳ. ಮುಂಬಯಿ ಪ್ರಾಂತದ ಕಾಲದ ಹುಚ್ಚಾಸ್ಪತ್ರೆಯ ನೆನಪಿನಿಂದ ಹುಟ್ಟಿದ್ದು ಅದು. ಇಂದು ಅದೇ ಸಂಸ್ಥೆ ಡಿಮ್ಹಾನ್ಸ್ ಎಂಬ ಹೆಸರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಹೊರರೋಗಿಯಾಗಿ ತೋರಿಸಿಕೊಂಡು ಸಂಜೆಗೆ ಮನೆಯ ಹಾದಿ ಹಿಡಿಯುವವರೂ ಇದ್ದಾರೆ. ಹೊರಟ ಮಾತ್ರಕ್ಕೆ ಕೂಡಿಹಾಕುವುದಿಲ್ಲ. ಅರ್ಥವಾಗದ, ಹಳೆಯದಾದ, ಔಷಧಕ್ಕೆ ಬಗ್ಗದ ಕಾಯಿಲೆಯನ್ನು ಹೊಸದಾಗಿ ಮೊದಲಿನಿಂದ ನೋಡಿಸಲು ಅಂಥ ಜಾಗ ಬೇಕು.

ಪ್ರವಾದಿ ಎಲೀಯನು ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ನನಗೆ ಸಾವು ಬರಲಿ ಎಂದು ಬೇಡಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಎಲೀಯನು ತಿಂದು ಮತ್ತೆ ಮಲಗಿಬಿಟ್ಟನು. ದೇವದೂತನು ಎರಡನೆಯ ಸಲ ಬಂದು ಮುಟ್ಟಿ ಎಬ್ಬಿಸಿದನು, ಮುಂದಿನ ಹಾದಿ ಬಹಳ ದೂರವೆಂದು. ನಮ್ಮ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರಿದ್ದಾರೆ, ಮಹಿಳಾ ಸಂಘಗಳಿವೆ, ಯುವಕರಿದ್ದಾರೆ. ಕುಡಚಿಯಲ್ಲೋ ರಾಯಬಾಗದಲ್ಲೋ ರೈಲು ಹತ್ತಿದರೆ ಬೆಳಗಾವಿ, ಲೋಂಡಾ ದಾಟಿ ಧಾರವಾಡ ಬರುತ್ತದೆ. ಕಾಯಿಲೆಯವರ ಜೊತೆ ಒಬ್ಬ ಅವ್ವನೋ ಅಣ್ಣನೋ ಒಬ್ಬರೇ ಹೊರಟಿರುತ್ತಾರೆ, ಚೀಟಿ ಮಾಡಿಸಲು ಸಾಲಿನಲ್ಲಿ ನಿಲ್ಲಬೇಕೋ, ರೋಗಿಯ ಕೈ ಹಿಡಿದಿರಬೇಕೋ ತಿಳಿಯದೆ. ಮೊದಲ ಸಲ ಜೊತೆಗೆ ಹೋಗಲು ಯಾರಾದರೂ ಸಿಗುತ್ತಾರೆ. ಎರಡನೆಯ ಸಲ, ಮೂರನೆಯ ಸಲ, ಔಷಧ ಬದಲಿಸಿದಾಗ ಮತ್ತೆ ಹೋಗಬೇಕಾಗುತ್ತದೆ. ಆ ಸಲಕ್ಕೆ ಯಾರು ಬರುತ್ತೀರಿ ಎಂದು ಈ ಭಾನುವಾರ ಪೂಜೆಯಾದ ಮೇಲೆ ನಿಮ್ಮ ಗುರುಗಳಿಗೆ ಹೆಸರು ಕೊಡಿ.